ಟಾಪ್ 8 ಪರ್ಸೆಂಟ್‌ಗೆ ಯುಟಿ ಆಸ್ಟಿನ್ ಸಿಗುತ್ತಾ?

ಮಗಳು ಡಲ್ಲಾಸ್ ಹತ್ತಿರದ ಹೈಸ್ಕೂಲಿನಲ್ಲಿ ಟಾಪ್ 8 ಪರ್ಸೆಂಟ್‌ನಲ್ಲಿದ್ದಾಳೆ, ಯುಟಿ ಆಸ್ಟಿನ್‌ಗೆ (ಆಸ್ಟಿನ್‌ನ ಟೆಕ್ಸಾಸ್ ಯೂನಿವರ್ಸಿಟಿ) ಅಷ್ಟು ಸಾಕಾ ಎಂದು ಕೇಳಿದ್ದೀರಿ. ತಾನಾಗೇ ಸೀಟು ಸಿಗಲು ಸಾಲದು. ಟೆಕ್ಸಾಸ್‌ನ 1997ರ ಕಾನೂನು ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಶಾಲೆಯ ಟಾಪ್ 10 ಪರ್ಸೆಂಟ್‌ಗೆ ತಾನಾಗೇ ಸೀಟು ಎನ್ನುತ್ತದೆ. ಆಸ್ಟಿನ್‌ಗೆ ಮಾತ್ರ ಬೇರೆ ಲೆಕ್ಕ. 2026ರ ಪ್ರವೇಶದಿಂದ ಅಲ್ಲಿ ಟಾಪ್ 5 ಪರ್ಸೆಂಟ್. ಉಳಿದವರದ್ದು ಪ್ರಬಂಧ, ಚಟುವಟಿಕೆ, ತೆಗೆದುಕೊಂಡ ಕೋರ್ಸ್ ಎಲ್ಲ ನೋಡುತ್ತಾರೆ, ಹಾಗಾಗಿ ಅರ್ಜಿ ಹಾಕಿಸಿ.

ಜಾಸ್ತಿ ಜನ ಎಡವೋದು ಇನ್ನೊಂದು ಕಡೆ. ರ‍್ಯಾಂಕ್ ಕೊಡಿಸುವುದು ಯೂನಿವರ್ಸಿಟಿಗೆ ಪ್ರವೇಶ ಅಷ್ಟೇ. ಟಾಪ್ 5ರಲ್ಲಿದ್ದರೂ ಕಂಪ್ಯೂಟರ್ ಸೈನ್ಸ್ ಸಿಕ್ಕೇ ಸಿಗುತ್ತೆ ಎಂದಿಲ್ಲ. ನಮ್ಮ ಸಿಇಟಿ ರ‍್ಯಾಂಕ್ ಥರ ಅಲ್ವಲ್ಲ ಇದು, ಅವರವರ ಶಾಲೆಯೊಳಗಿನ ಸ್ಥಾನ. ರ‍್ಯಾಂಕಿಗೋಸ್ಕರ ಸುಮ್ನೆ ಸುಲಭದ ಕೋರ್ಸ್ ಹಿಡಿಸಬೇಡಿ. ಇನ್ನೊಂದು ಸರ್ಕಾರಿ ಯೂನಿವರ್ಸಿಟಿ ಟೆಕ್ಸಾಸ್ ಎ ಅಂಡ್ ಎಂಗೂ ಹಾಕಿಸಿ, ಅಲ್ಲಿ ಟಾಪ್ 10 ಪರ್ಸೆಂಟ್ ಸಾಕು.