ಗರಾಜ್ ಸೇಲಿನ ಗಾಳಕೋಲಿಗೆ ಟ್ರೌಟ್ ಸಿಗುತ್ತದೆಯೇ?

ಪ್ರಶ್ನೆ: ನಾವಿರುವುದು ಪೆನ್ಸಿಲ್ವೇನಿಯಾದ ಸ್ಟೇಟ್ ಕಾಲೇಜ್ ಎಂಬ ಊರಿನಲ್ಲಿ. ಗರಾಜ್ ಸೇಲ್ ಒಂದರಲ್ಲಿ ಎಂಟೂವರೆ ಅಡಿಯ ಹಳೇ ಫೈಬರ್‌ಗ್ಲಾಸ್ ಫ್ಲೈ ರಾಡ್ (ಹುಳದಂತೆ ಕಾಣುವ ನಕಲಿ ‘ಫ್ಲೈ’ ಬೀಸುವ ಗಾಳಕೋಲು), ರೀಲು, ಲೈನು ಎಲ್ಲ ಸೇರಿ 40 ಡಾಲರಿಗೆ ಸಿಕ್ಕಿತು. ರಾಡಿನ ಮೇಲೆ ‘ಎಚ್‌ಡಿಎಚ್’ ಎಂದಿದೆ. ಊರಿನ ಹಳ್ಳದಲ್ಲಿ ಎರೆಹುಳ ಸಿಕ್ಕಿಸಿ ಗಾಳ ಹಾಕಿದ್ದಷ್ಟೇ ಗೊತ್ತು. ಇಷ್ಟರಲ್ಲೇ ಒಂದು ದಿನ ಟ್ರೌಟ್ ಮೀನು ಹಿಡಿಯಬಹುದೇ?

ಉತ್ತರ: ಧಾರಾಳವಾಗಿ. ರಾಡು, ರೀಲು ಹಳೆಯದಾದರೆ ಚಿಂತೆಯಿಲ್ಲ, ಹಳೆಯದಾಗಿ ಕೆಡುವುದು ಲೈನು. ಎರೆಹುಳದ ಗಾಳದಲ್ಲಿ ಸೀಸದ ಗುಂಡು ದಾರವನ್ನು ಎಳೆದೊಯ್ಯುತ್ತದೆ. ಫ್ಲೈ ಗರಿಯಷ್ಟು ಹಗುರ, ಲೈನಿನ ತೂಕವೇ ಅದನ್ನು ಹೊತ್ತೊಯ್ಯಬೇಕು. ಹಾಗಾಗಿ ರಾಡಿಗೆ ತಕ್ಕ ಲೈನಿಲ್ಲದಿದ್ದರೆ ದಿನವಿಡೀ ಬೀಸಿದರೂ ಕೈನೋವಷ್ಟೇ ಲಾಭ.

‘ಎಚ್‌ಡಿಎಚ್’ ಎನ್ನುವುದು ರಾಡಿಗೆ ತಕ್ಕ ಲೈನಿನ ಅಳತೆ ಹೇಳುವ ಹಳೇ ಅಕ್ಷರ ಪದ್ಧತಿ. ಈಗಿನ ಲೆಕ್ಕದಲ್ಲಿ ಸುಮಾರು 6ನೇ ನಂಬರಿನ ಡಬಲ್ ಟೇಪರ್ (ಎರಡೂ ತುದಿ ಸಪೂರವಾಗುವ) ಲೈನು. ರೀಲಿನಲ್ಲಿರುವುದು ಅದೇ ಎಂದು ನಂಬಬೇಡಿ, ತೂಗಿ ನೋಡಿ. ತುದಿಯಿಂದ 30 ಅಡಿ ಅಳೆದು ಗುರುತು ಹಾಕಿ, ಅಷ್ಟನ್ನು ಮಾತ್ರ ಸುರುಳಿ ಸುತ್ತಿ, 0.1 ಗ್ರಾಂ ತೋರಿಸುವ ಪುಟ್ಟ ತಕ್ಕಡಿಯ ಮೇಲಿಡಿ. 10.4 ಗ್ರಾಂ ಆಸುಪಾಸು ಬಂದರೆ ಅದು 6. ಸುಮಾರು 9 ಗ್ರಾಂ ಬಂದರೆ 5, 12 ಬಂದರೆ 7. ಒಂದು ನಂಬರ್ ಆಚೀಚೆಯಾದರೆ ಗ್ಲಾಸ್ ರಾಡ್ ಸಹಿಸಿಕೊಳ್ಳುತ್ತದೆ.

ಆಮೇಲೆ ಲೈನನ್ನು ಬೆರಳ ಮೇಲೆ ಬಗ್ಗಿಸಿ ನೋಡಿ. ಮೇಲ್ಪದರದಲ್ಲಿ ಬಿರುಕು ಬಿಟ್ಟಿದ್ದರೆ ಅದರೊಳಗೆ ನೀರು ಸೇರಿ ತುದಿ ಮುಳುಗುತ್ತದೆ. ಬರೀ ಕೊಳೆಯಾಗಿದ್ದರೆ ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ಒರೆಸಿದರೆ ಸಾಕು. ಡಬಲ್ ಟೇಪರಿನ ಎರಡು ತುದಿಗಳೂ ಒಂದೇ ಥರ ಇರುತ್ತವೆ. ಮುಂದಿನದು ಹಾಳಾಗಿದ್ದರೆ ಪೂರ್ತಿ ಬಿಚ್ಚಿ ತಿರುಗಿಸಿ ಸುತ್ತಿ: ಒಳಗಿದ್ದ ಅರ್ಧ ಬಹುಪಾಲು ನೀರನ್ನೇ ಕಂಡಿರುವುದಿಲ್ಲ. ಅದೂ ಬಿರುಕು ಬಿಟ್ಟಿದ್ದರೆ ಉಳಿಸಿದ ದುಡ್ಡನ್ನೆಲ್ಲ ಹೊಸ ಲೈನಿಗೇ ಹಾಕಿ. ಅಂದ ಹಾಗೆ, ಸೊಳ್ಳೆ ಔಷಧಿ ಹಚ್ಚಿದ ಕೈಯಲ್ಲಿ ಲೈನ್ ಮುಟ್ಟಬೇಡಿ. ಅದರಲ್ಲಿರುವ ಡೀಟ್ ಈ ಪ್ಲಾಸ್ಟಿಕ್ ಪದರವನ್ನೇ ಕರಗಿಸುತ್ತದೆ.

ರಾಡಿನ ಒಂದೊಂದು ಉಂಗುರದಲ್ಲೂ ಹತ್ತಿಯ ಎಳೆ ತೂರಿಸಿ ಎಳೆಯಿರಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಲೋಹ ಸವೆದು ಗೀರು ಬಿದ್ದಿದೆ, ಅದು ಲೈನನ್ನು ತಿನ್ನುತ್ತದೆ. ರೀಲು ‘ಟಿಕ್ ಟಿಕ್’ ಎಂದು ತಿರುಗಿದರೆ ಅಷ್ಟೇ ಸಾಕು.

ಲೈನಿಗೂ ಫ್ಲೈಗೂ ನಡುವೆ ಕಟ್ಟುವ ತೆಳು ದಾರ, ಅಂದರೆ ಲೀಡರ್ ಮಾತ್ರ ಹೊಸದೇ ಇರಲಿ. ನೈಲಾನ್ ಬಿಸಿಲಿಗೆ ಬಲ ಕಳೆದುಕೊಳ್ಳುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. 9 ಅಡಿಯ 5ಎಕ್ಸ್ (ಇದು ದಪ್ಪದ ಅಳತೆ) ಒಂದು, ಅದೇ ದಪ್ಪದ ಟಿಪೆಟ್ (ಲೀಡರಿನ ತುದಿಗೆ ಕಟ್ಟುವ ದಾರ) ಒಂದು ಸುರುಳಿ ಕೊಳ್ಳಿ. ಫ್ಲೈಗಳು ಆರು ಸಾಕು: 14–16ನೇ ಸೈಜಿನ ಫೆಸೆಂಟ್ ಟೇಲ್ ಎರಡು, ಎಲ್ಕ್ ಹೇರ್ ಕ್ಯಾಡಿಸ್ ಎರಡು, ಮೇ ತಿಂಗಳಾದರೆ ಹಳದಿ ಸಲ್ಫರ್ ಎರಡು. ಗಂಟನ್ನು ಬಿಗಿಯುವ ಮೊದಲು ಎಂಜಲಿನಲ್ಲಿ ಒದ್ದೆ ಮಾಡಿ. ಒಣಗಂಟು ಉಜ್ಜಿ ಬಿಸಿಯಾಗಿ ಅಲ್ಲೇ ತುಂಡಾಗುತ್ತದೆ.

ಪ್ರಶ್ನೆ: ಮನೆ ಮುಂದಿನ ಹುಲ್ಲಿನ ಮೇಲೆ ಬೀಸಿ ನೋಡಿದೆ. ಒಮ್ಮೆ ಚಾಟಿಯಂತೆ ‘ಚಟ್’ ಎನ್ನುತ್ತದೆ, ಇನ್ನೊಮ್ಮೆ ಲೈನು ಕಾಲಬುಡದಲ್ಲೇ ಗುಪ್ಪೆಯಾಗುತ್ತದೆ.

ಉತ್ತರ: ‘ಚಟ್’ ಎಂದರೆ ಹಿಂದೆ ಹೋದ ಲೈನು ಪೂರ್ತಿ ಚಾಚಿಕೊಳ್ಳುವ ಮೊದಲೇ ಮುಂದಕ್ಕೆ ಎಳೆದಿರಿ ಎಂದರ್ಥ. ನೀರಿನ ಬಳಿ ಹೀಗಾದರೆ ಫ್ಲೈ ಕಿತ್ತೇ ಹೋಗುತ್ತದೆ. ಗ್ಲಾಸ್ ರಾಡ್ ನಿಧಾನದ್ದು, ಕಾರ್ಬನ್ ರಾಡಿಗಿಂತ ಅರೆಕ್ಷಣ ಹೆಚ್ಚು ಕಾಯಿರಿ. ಕತ್ತು ತಿರುಗಿಸಿ ಹಿಂದೆ ನೋಡಿಕೊಂಡೇ ಬೀಸಿ. ಗುಪ್ಪೆಯಾಗಲು ಕಾರಣ ಮಣಿಕಟ್ಟು: ಅದು ಹಿಂದಕ್ಕೆ ಬಾಗಿದರೆ ರಾಡ್ ನೆಲದತ್ತ ಮಲಗುತ್ತದೆ. ಹಿಡಿಯ ಬುಡವನ್ನು ಷರ್ಟಿನ ತೋಳೊಳಗೆ ತೂರಿಸಿ ಅಭ್ಯಾಸ ಮಾಡಿ, ಮಣಿಕಟ್ಟು ತಾನೇ ನೆಟ್ಟಗಿರುತ್ತದೆ. ಮೊದಲು 25 ಅಡಿ ಸರಿಯಾಗಿ ಬರಲಿ. ತೊರೆಯಲ್ಲಿ ಅದಕ್ಕಿಂತ ದೂರ ಬೇಕಾಗುವುದೇ ಅಪರೂಪ.

ಪ್ರಶ್ನೆ: ನೀರಿಗಿಳಿಯಲು ತೊಡುವ, ನೀರು ಒಳಬಿಡದ ವೇಡರ್ಸ್ ದುಬಾರಿ. ಹಳೆಯದು ಕೊಳ್ಳಲೇ?

ಉತ್ತರ: ಈಗಲೇ ಬೇಡ. ಬೆಲ್‌ಫಾಂಟ್ ಹತ್ತಿರ ಸ್ಪ್ರಿಂಗ್ ಕ್ರೀಕ್ ತೊರೆಯಲ್ಲಿ 1934ರಿಂದಲೂ ಇರುವ ‘ಫಿಶರ್‌ಮನ್ಸ್ ಪ್ಯಾರಡೈಸ್’ಗೆ ಹೋಗಿ. ಅಲ್ಲಿ ನೀರಿಗಿಳಿಯುವಂತೆಯೇ ಇಲ್ಲ, ದಡದಿಂದಲೇ ಹಿಡಿಯಬೇಕು. ಫ್ಲೈ ಮಾತ್ರ, ಹಿಡಿದದ್ದನ್ನು ಬಿಡಲೇಬೇಕು, ಹಾಗಾಗಿ ಕೊಕ್ಕೆಗೆ ಮುಳ್ಳಿಲ್ಲದಿದ್ದರೆ ಒಳ್ಳೆಯದು. ಇಕ್ಕಳದಲ್ಲಿ ಮುಳ್ಳನ್ನು ಒತ್ತಿ ಮಟ್ಟಮಾಡಿಕೊಳ್ಳಿ. 16 ತುಂಬಿದವರಿಗೆ ರಾಜ್ಯದ ಲೈಸೆನ್ಸಿನ ಜತೆ ಟ್ರೌಟ್ ಪರ್ಮಿಟ್ ಕೂಡ ಬೇಕು. ಮೀನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಒಂದು ಥರ್ಮಾಮೀಟರ್ ಜೇಬಿನಲ್ಲಿರಲಿ: ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಬಿಟ್ಟ ಟ್ರೌಟ್ ಕೂಡ ಉಸಿರುಗಟ್ಟಿ ಸಾಯಬಹುದು. ಅಂಥ ದಿನ ಪಕ್ಕದ ಕೆರೆಯಲ್ಲಿ ಬ್ಲೂಗಿಲ್ ಮೀನು ಹಿಡಿಯಿರಿ, ಅದೇ ರಾಡು, ಅದೇ ಲೈನು ನಡೆಯುತ್ತದೆ.