ಸೈನಿಕರ ಮನೆಯ ಆರೋಗ್ಯ ಕಾರ್ಡು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹದಿನೇಳು ವರ್ಷ ಸೇವೆ ಸಲ್ಲಿಸಿ ಹವಾಲ್ದಾರನಾಗಿ ನಿವೃತ್ತನಾದೆ. ನನಗೂ ಪತ್ನಿಗೂ ಇಸಿಎಚ್‌ಎಸ್ (ಮಾಜಿ ಸೈನಿಕರ ವಂತಿಗೆ ಆಧಾರಿತ ಆರೋಗ್ಯ ಯೋಜನೆ) ಕಾರ್ಡು ಇದೆ. ಕೆಲಸ ಸಿಗದ ಮಗನಿಗೆ 26 ವರ್ಷ, ವಿಚ್ಛೇದನವಾಗಿ ತವರಿಗೆ ಮರಳಿರುವ ಮಗಳಿಗೆ 31. ತಾಯಿಯವರಿಗೆ 74 ವರ್ಷ, ಅವರ ಹೆಸರಿನಲ್ಲಿ ಎರಡು ಎಕರೆ ಕಾಫಿ ತೋಟವಿದೆ. ಇವರಲ್ಲಿ ಯಾರನ್ನು ಸೇರಿಸಬಹುದು?
– ಒಬ್ಬ ಓದುಗರು, ಸೋಮವಾರಪೇಟೆ

ಉತ್ತರ: ಮಾನ್ಯರೆ, 2003ರ ಏಪ್ರಿಲ್ 1ರಂದು ಆರಂಭವಾದ ಈ ಯೋಜನೆಯಲ್ಲಿ ಅರ್ಹತೆಗೆ ಮೂಲ ಆಧಾರ ಪಿಂಚಣಿ. ನೀವು ಪಿಂಚಣಿದಾರರಾದ ಕಾರಣ ನಿಮ್ಮ ಅವಲಂಬಿತರಿಗೂ ಬಾಗಿಲು ತೆರೆದಿದೆ. ಆದರೆ ಅವಲಂಬಿತರು ಯಾರು ಎಂಬುದನ್ನು ನಿಯಮವೇ ತೀರ್ಮಾನಿಸುತ್ತದೆ, ನಮ್ಮ ಮನೆಯ ಅನ್ನದ ತಟ್ಟೆಗಳ ಲೆಕ್ಕವಲ್ಲ.

ಮಗನ ಅರ್ಹತೆ ಮುಗಿದಿದೆ. ಗಂಡು ಮಕ್ಕಳಿಗೆ 25 ವರ್ಷ ತುಂಬುವುದು, ಸಂಪಾದನೆ ಆರಂಭವಾಗುವುದು, ಮದುವೆಯಾಗುವುದು – ಇವುಗಳಲ್ಲಿ ಯಾವುದು ಮೊದಲು ಬಂದರೂ ಸೌಲಭ್ಯ ಅಲ್ಲಿಗೆ ನಿಲ್ಲುತ್ತದೆ. ಶಾಶ್ವತ ಅಂಗವೈಕಲ್ಯವುಳ್ಳವರಿಗೆ ಮಾತ್ರ ವಿನಾಯಿತಿ. ಮಗಳಿಗೆ ವಯಸ್ಸಿನ ಮಿತಿ ಇಲ್ಲ. ವಿಚ್ಛೇದಿತೆಯಾಗಿ ನಿಮ್ಮನ್ನೇ ಅವಲಂಬಿಸಿದ್ದು, ಆದಾಯ ಮಿತಿಯೊಳಗಿದ್ದರೆ ನ್ಯಾಯಾಲಯದ ತೀರ್ಪಿನ ಪ್ರತಿಯೊಂದಿಗೆ ಅರ್ಜಿ ಸಲ್ಲಿಸಿ.

ತೊಡಕಿರುವುದು ತಾಯಿಯವರ ವಿಷಯದಲ್ಲಿ. ತಂದೆತಾಯಿಯರ ಒಟ್ಟು ಆದಾಯ, ಎಲ್ಲ ಮೂಲಗಳಿಂದಲೂ ಸೇರಿ, ತಿಂಗಳಿಗೆ 9,000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿಭತ್ಯೆಯ ಮೊತ್ತಕ್ಕಿಂತ ಕಡಿಮೆ ಇರಬೇಕು. ಕಾಫಿ ಮಾರಿದ ಹಣ ನಿಮ್ಮ ಕೈಗೇ ಬರುತ್ತಿದ್ದರೂ ಪಹಣಿ ಅವರ ಹೆಸರಿನಲ್ಲಿರುವಾಗ, ಅದು ಅವರ ಆದಾಯವಲ್ಲವೆಂದು ವಾದಿಸುವುದು ಕಷ್ಟ. ಆದ್ದರಿಂದ ವರ್ಷದ ಆದಾಯವನ್ನು ಹನ್ನೆರಡರಿಂದ ಭಾಗಿಸಿ, ಮಿತಿಯೊಳಗೆ ಬರುತ್ತದೆಯೇ ಎಂದು ಮೊದಲು ನೀವೇ ನೋಡಿಕೊಂಡು, ಅನಂತರ ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರ ಪಡೆಯುವುದು ಒಳ್ಳೆಯದು.

ಆದಾಯಕ್ಕಿಂತಲೂ ಹೆಚ್ಚು ಜನರನ್ನು ಅಲೆದಾಡಿಸುವುದು ಹೆಸರು. ಸೇವೆಯಲ್ಲಿದ್ದಾಗ ತಾಯಿಯವರ ಹೆಸರು ಪಾರ್ಟ್ ಟು ಆರ್ಡರ್ (ಸೈನಿಕನ ಮದುವೆ, ಕುಟುಂಬದಂಥ ವೈಯಕ್ತಿಕ ವಿವರಗಳನ್ನು ದಾಖಲಿಸುವ ಸೇನಾ ಆದೇಶ) ಮೂಲಕ ದಾಖಲೆಗೆ ಸೇರಿರದಿದ್ದರೆ, ಜಿಲ್ಲಾ ಸೈನಿಕ ಕಚೇರಿಯ ಮೂಲಕ ನಿಮ್ಮ ಸೇವಾ ದಾಖಲೆಗಳನ್ನಿಡುವ ರೆಕಾರ್ಡ್ ಆಫೀಸಿಗೆ ಬರೆದು ಸೇರಿಸಿಕೊಳ್ಳಬೇಕಾಗುತ್ತದೆ. ನನ್ನ ತಾಯಿಯ ಹೆಸರು ಡಿಸ್ಚಾರ್ಜ್ ಪುಸ್ತಕದಲ್ಲಿ ‘ಗೌರವ್ವ’ ಎಂದೂ ಆಧಾರ್‌ನಲ್ಲಿ ‘ಗೌರಮ್ಮ’ ಎಂದೂ ಇತ್ತು. ಇಬ್ಬರೂ ಒಬ್ಬರೇ ಎಂದು ಸಾಬೀತುಪಡಿಸಲು ಛಾಪಾ ಕಾಗದದ ಮೇಲೆ ಪ್ರಮಾಣಪತ್ರ ಮಾಡಿಸಿ ಏಳು ತಿಂಗಳು ಕಾದೆ. ಅಷ್ಟರಲ್ಲಿ ಅವರ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಕೈಯಿಂದ ಹಣ ಕೊಟ್ಟೇ ಮುಗಿದಿತ್ತು. ನೀವು ಇಂದೇ ಎರಡೂ ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು ಅಕ್ಷರ ಅಕ್ಷರವಾಗಿ ಓದಿ.

ಹೊಸದಾಗಿ ಸೇರುವವರಿಗೆಂದು ನೀವು ಮತ್ತೆ ವಂತಿಗೆ ಕಟ್ಟಬೇಕಾಗಿಲ್ಲ, ಕಾರ್ಡಿನ ಶುಲ್ಕ ಮಾತ್ರ. ಈ ಯೋಜನೆಯ ಚಿಕಿತ್ಸಾಲಯವಾದ ಪಾಲಿಕ್ಲಿನಿಕ್ ಮಡಿಕೇರಿಯಲ್ಲೂ ವಿರಾಜಪೇಟೆಯಲ್ಲೂ ಇದೆ. ನಿಮಗೆ ಮಡಿಕೇರಿಯೇ ಹತ್ತಿರ.

ಪ್ರಶ್ನೆ: ಪತಿ ಸೇನೆಯಲ್ಲಿ ನಾಯಕ್ ಆಗಿ ಜಮ್ಮುವಿನಲ್ಲಿದ್ದಾರೆ. ನಾನು ಆರು ತಿಂಗಳ ಗರ್ಭಿಣಿ, ಅತ್ತೆಯವರ ಮನೆಯಲ್ಲಿದ್ದೇನೆ. ಇಸಿಎಚ್‌ಎಸ್ ಪಾಲಿಕ್ಲಿನಿಕ್ಕಿಗೆ ಹೋದರೆ ನಿಮಗೆ ಇಲ್ಲಿ ಚಿಕಿತ್ಸೆ ಇಲ್ಲವೆಂದು ಮರಳಿ ಕಳುಹಿಸಿದರು. ಇದು ಸರಿಯೇ?
– ಒಬ್ಬ ಓದುಗರು, ಅಥಣಿ

ಉತ್ತರ: ತಂಗಿ, ಅವರು ಹೇಳಿದ್ದು ಸರಿ, ಎಲ್ಲಿಗೆ ಹೋಗಬೇಕೆಂದು ಹೇಳದೆ ಕಳುಹಿಸಿದ್ದು ಮಾತ್ರ ತಪ್ಪು. ಇಸಿಎಚ್‌ಎಸ್ ಇರುವುದು ನಿವೃತ್ತರಿಗೆ. ಸೇವೆಯಲ್ಲಿರುವವರ ಪತ್ನಿ, ಮಕ್ಕಳು, ಅವಲಂಬಿತ ತಂದೆತಾಯಿಯರು ಸೇನಾ ಆಸ್ಪತ್ರೆಗೆ ಹೋಗಬೇಕು. ನಿಮ್ಮ ಜಿಲ್ಲೆಯಲ್ಲಿ ಅದು ಬೆಳಗಾವಿಯ ಮಿಲಿಟರಿ ಆಸ್ಪತ್ರೆ. ಅಲ್ಲಿ ಇಲ್ಲದ ಚಿಕಿತ್ಸೆಗೆ ಅವರೇ ಬೇರೆಡೆಗೆ ಬರೆದುಕೊಡುತ್ತಾರೆ. ಮದುವೆ ಪಾರ್ಟ್ ಟು ಆರ್ಡರಿನಲ್ಲಿ ಪ್ರಕಟವಾಗಿದೆಯೇ, ನಿಮ್ಮ ಹೆಸರಿನ ಡಿಪೆಂಡೆಂಟ್ ಕಾರ್ಡು ಬಂದಿದೆಯೇ ಎಂದು ಪತಿಯವರು ತಮ್ಮ ಯೂನಿಟ್ಟಿನ ಗುಮಾಸ್ತರ ಬಳಿ ಈಗಲೇ ವಿಚಾರಿಸಲಿ. ಹೆರಿಗೆಯಾದ ಮೇಲೆ ಮಗುವಿನ ಹೆಸರನ್ನೂ ಹಾಗೆಯೇ ಸೇರಿಸಬೇಕು. ಆಕಸ್ಮಿಕವಾಗಿ ನೋವು ಕಾಣಿಸಿಕೊಂಡರೆ ಹತ್ತಿರದ ಆಸ್ಪತ್ರೆಗೇ ಸೇರಿ, ತಡಮಾಡದೆ ಮಿಲಿಟರಿ ಆಸ್ಪತ್ರೆಗೂ ಯೂನಿಟ್ಟಿಗೂ ತಿಳಿಸಿ, ಒಂದು ಚೀಟಿಯನ್ನೂ ಕಳೆಯದಂತೆ ಇಟ್ಟುಕೊಳ್ಳಿ.

ಪ್ರಶ್ನೆ: ನನ್ನ ಪತಿ ಪಿಂಚಣಿ ಇಲ್ಲದ ಶಾರ್ಟ್ ಸರ್ವಿಸ್ ಕಮಿಷನ್ (ಸೀಮಿತ ಅವಧಿಯ ಸೇವೆ) ಅಧಿಕಾರಿಯಾಗಿದ್ದರು. ಮಕ್ಕಳಿಗೂ ಕಾರ್ಡು ಸಿಗುತ್ತದೆಯೇ?
– ಒಬ್ಬ ಓದುಗರು, ಬೆಂಗಳೂರು

ಉತ್ತರ: ಇಲ್ಲ. 2019ರಲ್ಲಿ ಈ ಅಧಿಕಾರಿಗಳಿಗೆ ಯೋಜನೆಯನ್ನು ವಿಸ್ತರಿಸಿದಾಗ ಅಧಿಕಾರಿ ಮತ್ತು ಅವರ ಪತ್ನಿ ಅಥವಾ ಪತಿಗಷ್ಟೇ ಅವಕಾಶ ನೀಡಲಾಯಿತು, ಅದೂ ವಂತಿಗೆ ಕಟ್ಟಿದ ಮೇಲೆ.

ಪ್ರಶ್ನೆ: ತಮ್ಮ ಅಗ್ನಿವೀರನಾಗಿದ್ದಾನೆ. ನಾಲ್ಕು ವರ್ಷ ಮುಗಿಸಿ ಬಂದ ಮೇಲೆ ನಮ್ಮ ಅಪ್ಪ-ಅವ್ವನನ್ನು ಅವನ ಕಾರ್ಡಿನಲ್ಲಿ ಸೇರಿಸಬಹುದೇ?
– ಒಬ್ಬ ಓದುಗರು, ಗೋಕಾಕ

ಉತ್ತರ: ಸೇವೆಯ ಅವಧಿಯಲ್ಲಿ ನಿಮ್ಮ ತಮ್ಮನಿಗೆ ಸೇನಾ ಆಸ್ಪತ್ರೆಗಳ ಚಿಕಿತ್ಸೆ ಇದೆ. ನಾಲ್ಕು ವರ್ಷದ ನಂತರ ಹೊರಬರುವ ಅಗ್ನಿವೀರರಿಗೆ ಪಿಂಚಣಿಯಾಗಲಿ ಮಾಜಿ ಸೈನಿಕರ ಸ್ಥಾನಮಾನವಾಗಲಿ ಇಲ್ಲ. ಇಸಿಎಚ್‌ಎಸ್ ಕೂಡ ಇಲ್ಲವೆಂದು ನೇಮಕಾತಿಯ ನಿಯಮಗಳಲ್ಲೇ ಸ್ಪಷ್ಟವಾಗಿ ಬರೆದಿದೆ. ಕಾಯಂ ಸೇವೆಗೆ ಆಯ್ಕೆಯಾಗುವ ಗರಿಷ್ಠ ಶೇ 25ರಷ್ಟು ಮಂದಿಯಲ್ಲಿ ಅವನೂ ಒಬ್ಬನಾದರೆ, ಮುಂದೆ ಪಿಂಚಣಿಯೊಂದಿಗೆ ನಿವೃತ್ತನಾದಾಗ ಈ ಮಾತು ಬದಲಾಗುತ್ತದೆ. ಇದು ನ್ಯಾಯವೇ ಎಂದು ಕೇಳಿದರೆ ನನ್ನ ಉತ್ತರ ಬೇರೆ ಇದ್ದೀತು, ಆದರೆ ನೀವು ಕೇಳಿರುವುದು ನಿಯಮವನ್ನು. ಮನೆಯಲ್ಲಿ ಬಿಪಿಎಲ್ ಚೀಟಿ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ. ಅಲ್ಲದೆ, ಹಳೆಯ ಕಾಯಿಲೆಗಳಿಗೆ ಖಾಸಗಿ ವಿಮೆಗಳಲ್ಲಿ ಕಾಯುವ ಅವಧಿ ಇರುವುದರಿಂದ, ನಾಲ್ಕು ವರ್ಷ ಮುಗಿದಾಗ ಒಟ್ಟಿಗೆ ಸಿಗುವ ಸೇವಾನಿಧಿಯ ಹಣ ಕೈಗೆ ಬರುವವರೆಗೆ ಕಾಯದೆ, ಅವನ ಸಂಬಳ ಬರುತ್ತಿರುವಾಗಲೇ ಅಪ್ಪ-ಅವ್ವನ ಹೆಸರಿನಲ್ಲಿ ಒಂದು ಪಾಲಿಸಿ ಮಾಡಿಸಿಬಿಡಿ.