ಹೊಸ ಕ್ವಾರ್ಟರ್‌ಬ್ಯಾಕ್‌ನನ್ನು ಅಂಕಿಗಳಾಚೆ ನೋಡುವ ಬಗೆ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಎಂದರೆ ಚೆಂಡೆಸೆದು ದಾಳಿ ನಡೆಸುವ ಆಟಗಾರ. ಮೊದಲ ವರ್ಷದಲ್ಲಿ ಟಚ್‌ಡೌನ್‌ಗಳಿಗಿಂತ (ಎದುರಾಳಿಯ ಅಂಕಣದ ಕೊನೆಗೆ ಚೆಂಡು ಮುಟ್ಟಿಸಿ ಅಂಕ ಗಳಿಸುವುದು) ಹೆಚ್ಚು ಇಂಟರ್‌ಸೆಪ್ಷನ್ (ಎದುರಾಳಿಯ ಕೈಸೇರುವ ಎಸೆತ) ಎಸೆದ ಕ್ವಾರ್ಟರ್‌ಬ್ಯಾಕ್‌ನ ಮೇಲೆ ತಂಡ ಇನ್ನೂ ಭರವಸೆ ಇಡುವುದು ಸರಿಯೇ ಎಂದು ತಾವು ಕೇಳಿದ್ದೀರಿ. ಅಂಕಿಗಳನ್ನಷ್ಟೇ ನಂಬುವುದಾದರೆ, ಆಟಕ್ಕಿಳಿದ ಮೊದಲ ವರ್ಷವೇ, 1998ರಲ್ಲಿ, 28 ಇಂಟರ್‌ಸೆಪ್ಷನ್ ಎಸೆದು 16ರಲ್ಲಿ ಮೂರೇ ಪಂದ್ಯ ಗೆದ್ದ ಪೇಟನ್ ಮ್ಯಾನಿಂಗ್ ಅವರನ್ನು ಇಂಡಿಯಾನಾಪೊಲಿಸ್ ಕೋಲ್ಟ್ಸ್ ಕೈಬಿಡಬೇಕಾಗಿತ್ತು. ಮರುವರ್ಷ ಅವರ ನೇತೃತ್ವದಲ್ಲೇ ತಂಡ 13 ಪಂದ್ಯಗಳನ್ನು ಗೆದ್ದಿತು.

ನಾನು ಮೊದಲು ಗಮನಿಸುವುದು ಚೆಂಡು ಕೈಗೆ ಬಂದ ನಂತರದ ಎರಡು ಮೂರು ಸೆಕೆಂಡುಗಳನ್ನು. ಮೊದಲ ರಿಸೀವರ್‌ನ (ಎಸೆದ ಚೆಂಡನ್ನು ಹಿಡಿಯುವ ಸಹ ಆಟಗಾರನ) ದಾರಿ ಮುಚ್ಚಿದಾಗ ಆಟಗಾರನ ಕಣ್ಣು ಎರಡನೆಯವನತ್ತ, ಮೂರನೆಯವನತ್ತ ಹೊರಳುತ್ತದೆಯೇ, ಎದುರಾಳಿಗಳು ಮೇಲೆರಗುತ್ತಿರುವಾಗಲೂ ನೋಟ ಮೈದಾನದ ಮೇಲೆಯೇ ನಿಲ್ಲುತ್ತದೆಯೇ ಎಂಬುದು ಯಾವ ಪಟ್ಟಿಯಲ್ಲೂ ಸರಿಯಾಗಿ ಕಾಣುವುದಿಲ್ಲ. ಇಂಟರ್‌ಸೆಪ್ಷನ್‌ಗಳಲ್ಲೂ ಭೇದವಿದೆ: ರಿಸೀವರ್‌ನ ಕೈಗೆ ತಗುಲಿ ಪುಟಿದ ಚೆಂಡಿಗೂ, ಹೊಂಚುಹಾಕಿ ನಿಂತ ಸೇಫ್ಟಿಯನ್ನು (ಎದುರಾಳಿ ತಂಡದ ಹಿಂಬದಿಯ ಕಾವಲುಗಾರನನ್ನು) ಕಾಣದೆ ಎಸೆದ ಚೆಂಡಿಗೂ ಲೆಕ್ಕ ಒಂದೇ. ಅಕ್ಟೋಬರಿನಲ್ಲಿ ತನ್ನನ್ನು ಮೋಸಗೊಳಿಸಿದ ರಕ್ಷಣಾ ವ್ಯೂಹವನ್ನು ಡಿಸೆಂಬರಿನಲ್ಲಿ ಗುರುತಿಸಿದನೆಂದರೆ, ನನ್ನ ಮಟ್ಟಿಗೆ ಅದು ಯಾವ ರೇಟಿಂಗ್‌ಗಿಂತಲೂ ದೊಡ್ಡ ಸಾಕ್ಷಿ.

ತಮ್ಮ ಪ್ರಶ್ನೆಗೆ ತೀರ ಹತ್ತಿರದ ಉದಾಹರಣೆ ಬಫಲೋ ತಂಡದ ಜೋಶ್ ಅಲೆನ್. ಮೊದಲ ವರ್ಷವಾದ 2018ರಲ್ಲಿ ಅವರದು 10 ಟಚ್‌ಡೌನ್ ಪಾಸ್, 12 ಇಂಟರ್‌ಸೆಪ್ಷನ್. ಗುರಿ ಸೇರಿದ ಎಸೆತಗಳು ಶೇಕಡಾ 52.8 ಮಾತ್ರ. ಎಸೆತದ ಶೈಲಿಯನ್ನು ತಿದ್ದಿಕೊಂಡು, ಸ್ಟೆಫಾನ್ ಡಿಗ್ಸ್‌ನಂಥ ರಿಸೀವರ್ ಜೊತೆಯಾದ 2020ರಲ್ಲಿ ಅದು 69.2ಕ್ಕೇರಿತು. ಹಾಗೆಂದು ಬಲವಾದ ತೋಳಿರುವ ಪ್ರತಿಯೊಬ್ಬನೂ ಅಲೆನ್ ಆಗುವುದಿಲ್ಲ. ಆದ್ದರಿಂದ ತಾವು ಕೇಳಿದ ಆಟಗಾರನ ಮುಂದೆ ನಿಂತು ಅವನನ್ನು ಕಾಯುವ ಅವನದೇ ತಂಡದ ರಕ್ಷಕರು ಎಂಥವರು, ತರಬೇತುದಾರರು ಮುಂದಿನ ವರ್ಷವೂ ಇರುತ್ತಾರೆಯೇ ಎಂಬುದನ್ನೂ ತಾವು ದಯವಿಟ್ಟು ನೋಡಿಕೊಳ್ಳಿ.